ಇಳಿಯುವ ನೀರು, ಏರುವ ನೀರು



ನಮ್ಮ ಮನೆಯಲ್ಲಿ ಒಂದು ನಲ್ಲಿ ಇದೆ. ಒಂದು ಸ್ವಿಚ್ಚು ಇದೆ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಸ್ವಿಚ್ಚು ಒತ್ತಿದರೆ ದೀಪ ಹತ್ತುತ್ತದೆ. ಬಂದಾಗ ಯಾರೂ ಎಲ್ಲಿಂದ ಬಂತು ಅಂತ ಕೇಳುವುದಿಲ್ಲ. ಬಾರದೆ ಇದ್ದಾಗ ಬೀದಿಯ ಹೆಂಗಸರೆಲ್ಲ ಹೊರಗೆ ಬಂದು ನಿಲ್ಲುತ್ತೇವೆ. "ಏನಕ್ಕ, ನಿಮ್ಮನೇಲೂ ಇಲ್ವಾ?" "ಇಲ್ಲ ಕಣವ್ವ, ಬೆಳಗ್ಗೆಯಿಂದ ಇಲ್ಲ."

ಇನ್ನೊಂದು ಮಾತನ್ನೂ ನೀವು ಕೇಳಿರಬಹುದು. "ಪಂಪ್‌ಹೌಸಿನಲ್ಲಿ ಕರೆಂಟು ಹೋಗಿದೆಯಂತೆ. ಅದಕ್ಕೇ ಇವತ್ತು ನೀರು ಬಿಡಲ್ಲವಂತೆ." ಕರೆಂಟಿಗೂ ನಲ್ಲಿ ನೀರಿಗೂ ಏನು ಸಂಬಂಧ? ಸಂಬಂಧ ಇದೆ. ಅದೂ ಬಹಳ ಹಳೆಯ ಸಂಬಂಧ. ಅದನ್ನು ತಿಳಿಯಬೇಕಾದರೆ ಕಾವೇರಿ ನದಿಯ ಜೊತೆ ಸ್ವಲ್ಪ ದೂರ ನಡೆಯಬೇಕು.

ಮಳೆ ಎಲ್ಲಿಂದ ಬರುತ್ತದೆ?

ನಮ್ಮ ನಾಡಿನ ಪಶ್ಚಿಮಕ್ಕೆ ಅರಬ್ಬಿ ಸಮುದ್ರ ಇದೆ. ಬೇಸಿಗೆ ಮುಗಿಯುವ ಹೊತ್ತಿಗೆ ಸಮುದ್ರದ ಮೇಲಿನಿಂದ ತೇವ ತುಂಬಿದ ಗಾಳಿ ಬೀಸುತ್ತದೆ. ಆ ಗಾಳಿಗೆ ದೊಡ್ಡ ಗೋಡೆಯ ಹಾಗೆ ಬೆಟ್ಟಗಳ ಸಾಲು ಅಡ್ಡ ನಿಂತಿದೆ. ಅದೇ ಪಶ್ಚಿಮ ಘಟ್ಟ. ಗಾಳಿ ಬೆಟ್ಟ ಹತ್ತಲೇಬೇಕು. ಹತ್ತುತ್ತಾ ತಣ್ಣಗಾಗುತ್ತದೆ. ತಣ್ಣಗಾದರೆ ಅದರಲ್ಲಿರುವ ತೇವ ನೀರಾಗುತ್ತದೆ. ಅನ್ನದ ಪಾತ್ರೆಯ ಮುಚ್ಚಳದ ಒಳಗೆ ಹನಿ ಕಟ್ಟುವುದಿಲ್ಲವೇ, ಹಾಗೆ. ಅದಕ್ಕೇ ಕೊಡಗಿನಲ್ಲಿ ಅಷ್ಟೊಂದು ಮಳೆ. ಬೆಟ್ಟ ದಾಟಿ ಈ ಕಡೆ ಬರುವಷ್ಟರಲ್ಲಿ ಗಾಳಿಯಲ್ಲಿ ತೇವ ಕಡಿಮೆಯಾಗಿರುತ್ತದೆ. ಆದ್ದರಿಂದ ಮೈಸೂರು, ಮಂಡ್ಯದ ಕಡೆ ಮಳೆ ಕಡಿಮೆ.

ಕೊಡಗಿನ ತಲಕಾವೇರಿಯಲ್ಲಿ ಕಾವೇರಿ ಹುಟ್ಟುತ್ತದೆ. ಅಲ್ಲಿಂದ ಅರಬ್ಬಿ ಸಮುದ್ರ ನೇರ ಗೆರೆಯಲ್ಲಿ 50 ಕಿಲೋಮೀಟರ್ ಕೂಡ ಇಲ್ಲ. ಆದರೂ ನದಿ ಆ ಕಡೆ ಹೋಗುವುದಿಲ್ಲ. ಬೆಟ್ಟದ ಇಳಿಜಾರು ಪೂರ್ವಕ್ಕೆ ಇರುವುದರಿಂದ ಪೂರ್ವಕ್ಕೇ ಹೊರಡುತ್ತದೆ. ಸುಮಾರು 800 ಕಿಲೋಮೀಟರ್ ಹರಿದು, ತಮಿಳುನಾಡನ್ನು ದಾಟಿ, ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಒಂದು ಕಡಲಿನಿಂದ ಬಂದ ನೀರು ಇನ್ನೊಂದು ಕಡಲಿಗೆ ಹೋಗುತ್ತದೆ. ನಡುವೆ ಎಷ್ಟು ಮನೆ, ಎಷ್ಟು ಗದ್ದೆ!

ಮಡಿಕೇರಿಯಲ್ಲಿ ಜೋರು ಮಳೆ ಅಂದರೆ ಮೈಸೂರಿನವರು ಖುಷಿ ಪಡುವುದು ಇದಕ್ಕೇ. ನಮ್ಮ ಅಂಗಳದಲ್ಲಿ ಒಂದು ಹನಿ ಬೀಳದಿದ್ದರೂ ನಮ್ಮ ಕಟ್ಟೆ ತುಂಬುತ್ತಾ ಇರುತ್ತದೆ.

ಕನ್ನಂಬಾಡಿ ಕಟ್ಟೆ

ಮೈಸೂರಿನಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಕೃಷ್ಣರಾಜ ಸಾಗರ ಇದೆ. ಹಳಬರು ಈಗಲೂ ಕನ್ನಂಬಾಡಿ ಕಟ್ಟೆ ಅಂತಲೇ ಕರೆಯುತ್ತಾರೆ. ಇಲ್ಲಿಗೆ ಬರುವಷ್ಟರಲ್ಲಿ ಕಾವೇರಿಗೆ ಹೇಮಾವತಿ ಸೇರುತ್ತದೆ. ಲಕ್ಷ್ಮಣತೀರ್ಥವೂ ಸೇರುತ್ತದೆ. ಮೂರು ನದಿಗಳ ನೀರು ಒಂದೇ ಕಡೆ ನಿಲ್ಲುತ್ತದೆ.

ಕಟ್ಟೆ ಕಟ್ಟುವ ಕೆಲಸ 1911ರಲ್ಲಿ ಶುರುವಾಯಿತು. ಆಗ ಮೈಸೂರಿನ ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು. ಮುಖ್ಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯನವರು. ಕೆಲಸ ಇಪ್ಪತ್ತು ವರ್ಷ ನಡೆಯಿತು. ಸಾವಿರಾರು ಕೂಲಿಗಳು ದುಡಿದರು. ಕಲ್ಲಿಗೆ ಕಲ್ಲು ಕೂಡಿಸಲು ಸಿಮೆಂಟು ಬಳಸಲಿಲ್ಲ. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿ ಅರೆದ ಸುರ್ಕಿ ಗಾರೆಯನ್ನು ಬಳಸಿದರು. ಕಟ್ಟೆಯ ಉದ್ದ ಎರಡೂವರೆ ಕಿಲೋಮೀಟರಿಗೂ ಹೆಚ್ಚು. ಎತ್ತರ ಸುಮಾರು 130 ಅಡಿ. ಕಟ್ಟೆ ತುಂಬಿದಾಗ ಹಿಂದೆ ನಿಲ್ಲುವ ನೀರು ಸುಮಾರು 130 ಚದರ ಕಿಲೋಮೀಟರ್ ಹರಡುತ್ತದೆ. ಹತ್ತಿರ ಹತ್ತಿರ ಮೈಸೂರು ನಗರದಷ್ಟು ಅಗಲ ಅನ್ನಿ.

ಅಷ್ಟು ಅಗಲದ ಜಾಗ ಮೊದಲು ಖಾಲಿ ಇರಲಿಲ್ಲ. ಅಲ್ಲಿ ಊರುಗಳಿದ್ದವು, ಗದ್ದೆಗಳಿದ್ದವು, ತೋಪುಗಳಿದ್ದವು. ಕನ್ನಂಬಾಡಿ ಅನ್ನುವುದೇ ಮುಳುಗಿದ ಒಂದು ಊರಿನ ಹೆಸರು. ಊರು ಮುಳುಗಿತು, ಹೆಸರು ಕಟ್ಟೆಗೆ ಉಳಿಯಿತು. ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿಯೂ ನೀರಿನೊಳಗೆ ಹೋಯಿತು. ಮಳೆ ಇಲ್ಲದ ವರ್ಷ ನೀರು ಇಳಿದಾಗ ಗುಡಿ ಹೊರಗೆ ಕಾಣುತ್ತಿತ್ತು. ಜನ ನಡೆದು ಹೋಗಿ ನೋಡಿ ಬರುತ್ತಿದ್ದರು. ಈಗ ಆ ಗುಡಿಯ ಕಲ್ಲುಗಳನ್ನು ಬಿಡಿಸಿ ತಂದು, ಹಿನ್ನೀರಿನ ದಡದ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದಾರೆ. ಗುಡಿಯ ಕಲ್ಲನ್ನು ಹೀಗೆ ತಂದು ಜೋಡಿಸಬಹುದು. ಮನೆ ಬಿಟ್ಟು ಹೋದ ಹೆಂಗಸಿನ ಒಲೆ, ಹಿತ್ತಲು, ಬಾವಿಕಟ್ಟೆಯನ್ನು ಯಾರು ಜೋಡಿಸುತ್ತಾರೆ? ಬೃಂದಾವನ ನೋಡಲು ಹೋದಾಗ ಕಟ್ಟೆಯ ಆ ಕಡೆಯ ನೀರನ್ನೂ ಒಮ್ಮೆ ನೋಡಬೇಕು ಅನಿಸುವುದು ಇದಕ್ಕೇ.

ಕಟ್ಟೆ ಇಲ್ಲಿ, ಕರೆಂಟು ಅಲ್ಲಿ

"ಕನ್ನಂಬಾಡೀಲಿ ಕರೆಂಟು ತೆಗೀತಾರೆ" ಅಂತ ಬಹಳ ಜನ ತಿಳಿದಿದ್ದಾರೆ. ಆದರೆ ಈ ನೀರಿನಿಂದ ಕರೆಂಟು ತೆಗೆಯುವ ದೊಡ್ಡ ಕೇಂದ್ರ ಇರುವುದು ಕಟ್ಟೆಯ ಹತ್ತಿರ ಅಲ್ಲ, ನದಿಯ ಕೆಳಗೆ ಬಹಳ ದೂರದಲ್ಲಿರುವ ಶಿವನಸಮುದ್ರದಲ್ಲಿ. ಮೈಸೂರಿನಿಂದ ರಸ್ತೆಯಲ್ಲಿ ಹೋದರೆ ಅದು 70-80 ಕಿಲೋಮೀಟರ್ ಆಗುತ್ತದೆ.

ಯಾಕೆ ಹೀಗೆ? ನೆಲದ ಗುಣವೇ ಹಾಗಿದೆ. ನೀರು ಕೂಡಿಡಲು ಅಗಲವಾದ, ತಗ್ಗಾದ ಜಾಗ ಬೇಕು. ಅದು ಕನ್ನಂಬಾಡಿಯಲ್ಲಿ ಸಿಕ್ಕಿತು. ಕರೆಂಟಿಗೆ ನೀರು ಎತ್ತರದಿಂದ ಬೀಳಬೇಕು. ಅಂಥ ಜಾಗ ಶಿವನಸಮುದ್ರ. ಒಂದೇ ಕಡೆ ಎರಡೂ ಸಿಗುವುದು ಅಪರೂಪ.

ಕಟ್ಟೆಯಿಂದ ಹೊರಟ ಕಾವೇರಿ ಶ್ರೀರಂಗಪಟ್ಟಣವನ್ನು ಬಳಸಿ ಹೋಗುತ್ತದೆ. ತಿರುಮಕೂಡಲು ನರಸೀಪುರದಲ್ಲಿ ಕಪಿಲೆ ಬಂದು ಸೇರುತ್ತದೆ. ಕಬಿನಿ ಅಂದರೂ ಅದೇ ನದಿ. ಆಮೇಲೆ ಮರಳಿನ ತಲಕಾಡು. ಇಲ್ಲಿಯವರೆಗೆ ನದಿ ನಿಧಾನವಾಗಿ, ಗದ್ದೆ ಬಯಲಿನಲ್ಲಿ ನಡೆದು ಬಂದಿರುತ್ತದೆ. ಶಿವನಸಮುದ್ರದಲ್ಲಿ ನೆಲ ಒಮ್ಮೆಗೇ ಕುಸಿದ ಹಾಗೆ ತಗ್ಗಾಗುತ್ತದೆ. ನದಿ ಎರಡು ಕವಲಾಗಿ ಒಂದು ನಡುಗಡ್ಡೆಯನ್ನು ಬಳಸುತ್ತದೆ. ಒಂದು ಕವಲು ಗಗನಚುಕ್ಕಿಯಾಗಿ ಬೀಳುತ್ತದೆ, ಇನ್ನೊಂದು ಭರಚುಕ್ಕಿಯಾಗಿ ಬೀಳುತ್ತದೆ. ಗಗನಚುಕ್ಕಿ ಕಡೆ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕು. ಭರಚುಕ್ಕಿ ಕಡೆ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು.

ಜಲಪಾತ ಬೀಳುವ ಮೊದಲೇ ನದಿಗೆ ಒಡ್ಡು ಹಾಕಿ ನೀರನ್ನು ಕಾಲುವೆಗೆ ತಿರುಗಿಸುತ್ತಾರೆ. ಕಾಲುವೆ ಗುಡ್ಡದ ಅಂಚಿನವರೆಗೆ ಹೋಗುತ್ತದೆ. ಅಲ್ಲಿಂದ ದೊಡ್ಡ ದೊಡ್ಡ ಕಬ್ಬಿಣದ ಕೊಳವೆಗಳಲ್ಲಿ ನೀರು ಕೆಳಕ್ಕೆ ನುಗ್ಗುತ್ತದೆ. ಕೆಳಗೆ ವಿದ್ಯುತ್ ಕೇಂದ್ರ ಇದೆ. ಆ ಜಾಗವನ್ನು ಸುತ್ತಲಿನವರು ಬ್ಲಫ್ ಅನ್ನುತ್ತಾರೆ. ಬೇಸಿಗೆಯಲ್ಲಿ ಜಲಪಾತ ನೋಡಲು ಹೋದವರು "ಬರೀ ಬಂಡೆ, ನೀರೇ ಇಲ್ಲ" ಅಂತ ಬೇಸರದಿಂದ ವಾಪಸ್ಸು ಬರುತ್ತಾರೆ. ಇರುವ ಸ್ವಲ್ಪ ನೀರು ಕೊಳವೆಯಲ್ಲಿ ಹೋಗಿರುತ್ತದೆ!

ನೀರಿನಿಂದ ಕರೆಂಟು ಹೇಗೆ?

"ನೀರಿಗೆ ಕೈ ಹಾಕಿದರೆ ಶಾಕ್ ಹೊಡೆಯಲ್ಲ. ಅದರಲ್ಲಿ ಕರೆಂಟು ಎಲ್ಲಿದೆ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನೀರಿನಲ್ಲಿ ಕರೆಂಟು ಇಲ್ಲ. ಬೀಳುವ ನೀರಿನಲ್ಲಿ ಬಲ ಇದೆ.

ಬಾವಿಯಿಂದ ನೀರು ಸೇದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೊಡವನ್ನು ಮೇಲಕ್ಕೆ ಎಳೆಯುವಾಗ ತೋಳು ನೋಯುತ್ತದೆ, ಉಸಿರು ಹತ್ತುತ್ತದೆ. ಆ ಶ್ರಮ ಎಲ್ಲಿ ಹೋಯಿತು? ನೀರನ್ನು ಮೇಲಕ್ಕೆ ತರಲು ಖರ್ಚಾಯಿತು. ಅದೇ ಕೊಡ ಕೈ ಜಾರಿ ಬಾವಿಗೆ ಬಿದ್ದರೆ? ರಾಟೆ ಗರಗರ ತಿರುಗುತ್ತದೆ. ಹಗ್ಗ ಅಂಗೈ ಸುಡುತ್ತದೆ. ನಾವು ಕೊಟ್ಟ ಬಲವನ್ನು ನೀರು ಬೀಳುವಾಗ ವಾಪಸ್ಸು ಕೊಡುತ್ತದೆ. ಶಿವನಸಮುದ್ರದಲ್ಲಿ ನಡೆಯುವುದೂ ಇದೇ. ಆದರೆ ಅಲ್ಲಿ ನೀರನ್ನು ಮೇಲಕ್ಕೆ ತಂದವರು ನಾವಲ್ಲ. ಬಿಸಿಲು ಮತ್ತು ಗಾಳಿ ಅದನ್ನು ಸಮುದ್ರದಿಂದ ಎತ್ತಿ ಬೆಟ್ಟದ ಮೇಲೆ ಸುರಿದಿವೆ.

ಕೊಳವೆಯಲ್ಲಿ ಹತ್ತಿರ ಹತ್ತಿರ 400 ಅಡಿ ಇಳಿದ ನೀರು ಒಂದು ಚಕ್ರಕ್ಕೆ ಬಡಿಯುತ್ತದೆ. ಗಾಳಿಗೆ ಜಾತ್ರೆಯ ಗಿರಿಗಿಟ್ಲೆ ತಿರುಗುವ ಹಾಗೆ ಚಕ್ರ ತಿರುಗುತ್ತದೆ. ಆ ಚಕ್ರಕ್ಕೆ ಟರ್ಬೈನು ಅನ್ನುತ್ತಾರೆ. ಅದಕ್ಕೆ ಸೇರಿದ ಇನ್ನೊಂದು ಯಂತ್ರದಲ್ಲಿ ಅಯಸ್ಕಾಂತ ಇದೆ, ತಾಮ್ರದ ತಂತಿಯ ಸುರುಳಿ ಇದೆ. ತಂತಿಯ ಸುರುಳಿಯ ಹತ್ತಿರ ಅಯಸ್ಕಾಂತ ತಿರುಗಿದರೆ ತಂತಿಯಲ್ಲಿ ಕರೆಂಟು ಹುಟ್ಟುತ್ತದೆ. ಹಿಂದೆ ಸೈಕಲ್ಲಿಗೆ ಡೈನಮೊ ಇರುತ್ತಿತ್ತು. ಪೆಡಲ್ ತುಳಿದರೆ ಮುಂದಿನ ದೀಪ ಹತ್ತುತ್ತಿತ್ತು. ಜೋರಾಗಿ ತುಳಿದರೆ ಜೋರು ಬೆಳಕು. ಶಿವನಸಮುದ್ರದ ಯಂತ್ರ ಅದರ ದೊಡ್ಡಣ್ಣ ಅಷ್ಟೆ.

ಈಗ ಒಂದು ಲೆಕ್ಕ ಮಾಡೋಣ. ಕರೆಂಟಿನ ಬಿಲ್ಲಿನಲ್ಲಿ ಯೂನಿಟ್ ಅಂತ ಬರೆದಿರುತ್ತದೆ. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಒಂದು ಗಂಟೆ ಉರಿದರೆ ಒಂದು ಯೂನಿಟ್. 10 ವ್ಯಾಟಿನ ಎಲ್‌ಇಡಿ ಬಲ್ಬು ದಿನಕ್ಕೆ 5 ಗಂಟೆಯಂತೆ 20 ದಿನ ಉರಿದರೂ ಒಂದು ಯೂನಿಟ್. ಶಿವನಸಮುದ್ರದಂಥ ಎತ್ತರದಿಂದ ನೀರು ಬಿದ್ದು ಈ ಒಂದು ಯೂನಿಟ್ ಹುಟ್ಟಬೇಕಾದರೆ ಸುಮಾರು 4000 ಲೀಟರ್ ನೀರು ಬೇಕು. 15 ಲೀಟರಿನ ಕೊಡ ಆದರೆ ಇನ್ನೂರೈವತ್ತಕ್ಕೂ ಹೆಚ್ಚು ಕೊಡ.

ಇನ್ನೊಂದು ಲೆಕ್ಕ ನಮ್ಮ ತೋಳಿಗೆ ಗೊತ್ತಾಗುವಂಥದ್ದು. 40 ಅಡಿ ಆಳದ ಬಾವಿಯಿಂದ 15 ಲೀಟರಿನ ಕೊಡವನ್ನು ಸುಮಾರು ಎರಡು ಸಾವಿರ ಸಲ ಸೇದಿದರೆ ಎಷ್ಟು ಕೆಲಸವೋ, ಒಂದು ಯೂನಿಟ್ ಕರೆಂಟಿನಲ್ಲಿ ಅಷ್ಟು ಕೆಲಸ ಇದೆ. ಎರಡು ಸಾವಿರ ಕೊಡ! ನಮ್ಮ ಅಜ್ಜಿಯರು ಅದಕ್ಕೆ ಎಷ್ಟು ದಿನ ಬೆನ್ನು ಬಗ್ಗಿಸುತ್ತಿದ್ದರೋ.

ಮೊದಲ ಬೆಳಕು ಯಾರಿಗೆ?

ಶಿವನಸಮುದ್ರದ ಕೇಂದ್ರ ಕನ್ನಂಬಾಡಿ ಕಟ್ಟೆಗಿಂತ ಹಳೆಯದು. 1902ರ ಜೂನ್ 30ರಂದು ಅಲ್ಲಿಂದ ಕರೆಂಟು ಹರಿಯಿತು. ಆಗ ಮೈಸೂರನ್ನು ಆಳುತ್ತಿದ್ದವರು ಒಬ್ಬ ಹೆಣ್ಣು ಮಗಳು. ಅವರು ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ಮಹಾರಾಜರು ತೀರಿಕೊಂಡಾಗ ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕ. 1895ರಿಂದ 1902ರ ಆಗಸ್ಟಿನವರೆಗೆ ತಾಯಿಯೇ ರಾಜ್ಯಭಾರ ಮಾಡಿದರು. ವಿದ್ಯುತ್ ಕೇಂದ್ರದ ಕೆಲಸ ನಡೆದದ್ದು ಅವರ ಕಾಲದಲ್ಲಿ. ಯೋಜನೆಗೆ ಬಹಳ ಶ್ರಮಪಟ್ಟ ದಿವಾನರು ಕೆ. ಶೇಷಾದ್ರಿ ಅಯ್ಯರ್. ಅವರು 1901ರಲ್ಲೇ ತೀರಿಕೊಂಡರು. ಕೇಂದ್ರಕ್ಕೆ ಅವರ ಹೆಸರಿದೆ. ಪಾಪ, ಆ ಬೆಳಕನ್ನು ಅವರು ನೋಡಲಿಲ್ಲ. ಕೆಲಸದ ಮುಂದಾಳು ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್. ಯಂತ್ರಗಳು ಹೊರದೇಶದಿಂದ ಹಡಗಿನಲ್ಲಿ ಬಂದವು. ರೈಲು ಇಲ್ಲದ ಕಡೆ ಅವುಗಳನ್ನು ಪ್ರಾಣಿಗಳು ಎಳೆಯುವ ಗಾಡಿಗಳಲ್ಲಿ ಸಾಗಿಸಿದರು.

ಆ ಕರೆಂಟು ಮೊದಲು ಎಲ್ಲಿಗೆ ಹೋಯಿತು ಗೊತ್ತೇ? ಮೈಸೂರಿಗೂ ಅಲ್ಲ, ಮಳವಳ್ಳಿಗೂ ಅಲ್ಲ. 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆ ಕಾಲಕ್ಕೆ ಅಷ್ಟು ಉದ್ದದ ತಂತಿ ಪ್ರಪಂಚದಲ್ಲೇ ಅಪರೂಪ. ಗಣಿಯವರು ಬ್ರಿಟಿಷ್ ಕಂಪನಿಯವರು, ಹಣ ಕೊಡುತ್ತಿದ್ದರು. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಮೈಸೂರಿಗೆ 1908ರಲ್ಲಿ. ತಂತಿಯ ಕೆಳಗೇ ಇದ್ದ ಹಳ್ಳಿಗಳಲ್ಲಿ ಮಾತ್ರ ಇನ್ನೂ ಎಷ್ಟೋ ವರ್ಷ ಹೆಂಗಸರು ಸೀಮೆಎಣ್ಣೆ ಬುಡ್ಡಿ ಒರೆಸುತ್ತಲೇ ಇದ್ದರು. ತಲೆಯ ಮೇಲೆ ಕರೆಂಟು, ಮನೆಯೊಳಗೆ ಕತ್ತಲೆ. ಇದನ್ನೂ ಚರಿತ್ರೆಯಲ್ಲಿ ಬರೆಯಬೇಕು.

ಆದರೆ ಒಂದು ತೊಂದರೆ ಇತ್ತು. ಮಳೆಗಾಲದಲ್ಲಿ ಕಾವೇರಿ ದಡ ಮೀರಿ ಹರಿಯುತ್ತದೆ. ಶಿವರಾತ್ರಿ ಕಳೆದರೆ ಸೊರಗುತ್ತದೆ. ಗಣಿಗೋ ವರ್ಷಪೂರ್ತಿ ಕರೆಂಟು ಬೇಕು. ಒಂದು ರಾಜ್ಯಕ್ಕೆಲ್ಲ ಆಗುವಷ್ಟು ಕರೆಂಟನ್ನು ಕೂಡಿಡುವುದು ಬಹಳ ಕಷ್ಟ. ನೀರನ್ನು ಕೂಡಿಡಬಹುದು. ರಾಗಿಯನ್ನು ಹಗೇವಿನಲ್ಲಿ ತುಂಬಿಟ್ಟು ಬೇಕಾದಾಗ ತೆಗೆಯುತ್ತಿದ್ದರಲ್ಲ, ಹಾಗೆ ಮಳೆಗಾಲದ ನೀರನ್ನು ತುಂಬಿಟ್ಟು ಬೇಸಿಗೆಯಲ್ಲಿ ಬಿಡಬೇಕು. ಕನ್ನಂಬಾಡಿ ಕಟ್ಟೆ ಕಟ್ಟಲು ಇದೊಂದು ದೊಡ್ಡ ಕಾರಣ. ಇನ್ನೊಂದು ಕಾರಣ ಮಂಡ್ಯದ ಒಣ ನೆಲ. ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಅಲ್ಲಿಗೆ ಭತ್ತ, ಕಬ್ಬು ತಂದಿತು.

ಮೇಲಕ್ಕೆ ಏರುವ ನೀರು

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಕರೆಂಟು ಹೋದರೆ ನಲ್ಲಿ ಯಾಕೆ ನಿಲ್ಲುತ್ತದೆ?

ಮೈಸೂರು ಎತ್ತರದ ನೆಲದಲ್ಲಿದೆ. ಸಮುದ್ರ ಮಟ್ಟದಿಂದ ಅಳೆದರೆ ಸುಮಾರು 2500 ಅಡಿ. ಕನ್ನಂಬಾಡಿ ತುಂಬಿ ತುಳುಕಿದಾಗಲೂ ಅದರ ನೀರಿನ ಮಟ್ಟ ಸುಮಾರು 2469 ಅಡಿ. ಅಂದರೆ ನೀರು ಕೆಳಗಿದೆ, ನಾವು ಮೇಲಿದ್ದೇವೆ. ನೀರು ತಾನಾಗಿ ಮೇಲಕ್ಕೆ ಬರುವುದಿಲ್ಲ. ಹೊಂಗಳ್ಳಿ, ಬೆಳಗೊಳ, ಮೇಳಾಪುರದಲ್ಲಿ ಪಂಪುಗಳು ಕಾವೇರಿ ನೀರನ್ನು ಎತ್ತುತ್ತವೆ. ಬಿದರಗೋಡಿನಿಂದ ಕಬಿನಿ ನೀರು ಬರುತ್ತದೆ. ಪಂಪು ತಿರುಗಬೇಕಾದರೆ ಕರೆಂಟು ಬೇಕು.

ಬಾವಿಯ ಲೆಕ್ಕ ನೆನಪಿದೆ ತಾನೆ? ನೀರು ಇಳಿದರೆ ಕರೆಂಟು ಕೊಡುತ್ತದೆ. ನೀರು ಏರಬೇಕಾದರೆ ಕರೆಂಟು ತಿನ್ನುತ್ತದೆ. ಹಿಂದೆ ಬಾವಿಕಟ್ಟೆಯಲ್ಲಿ ನಿಂತು ಹಗ್ಗ ಎಳೆಯುತ್ತಿದ್ದದ್ದು ನಾವು. ಈಗ ಆ ಹಗ್ಗವನ್ನು ಪಂಪು ಎಳೆಯುತ್ತದೆ. ಅದಕ್ಕೆ ಸುಸ್ತಾದ ದಿನ ಕೊಡ ಮತ್ತೆ ನಮ್ಮ ಸೊಂಟಕ್ಕೇ ಬರುತ್ತದೆ.

ಬೆಂಗಳೂರಿನ ಕಥೆ ಇನ್ನೂ ದೊಡ್ಡದು. ಶಿವನಸಮುದ್ರದ ಹತ್ತಿರ ಕಾವೇರಿ ನೀರನ್ನು ತೆಗೆದು ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಳಿಸುತ್ತಾರೆ. 1974ರಿಂದ ಹೀಗೆ ನಡೆಯುತ್ತಿದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಕಡೆ ನೀರನ್ನು ಎತ್ತಬೇಕು. ಒಟ್ಟು ಏರಿಕೆ ಸುಮಾರು 500 ಮೀಟರ್, ಅಂದರೆ 1600 ಅಡಿಗೂ ಹೆಚ್ಚು. ಒಂದು ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರ ಏರಿಸಲು ಒಂದೂವರೆ ಯೂನಿಟ್ಟಿಗಿಂತ ಹೆಚ್ಚು ಕರೆಂಟು ಬೇಕಾಗುತ್ತದೆ. ಅಷ್ಟು ಕರೆಂಟು ಶಿವನಸಮುದ್ರದಲ್ಲಿ ಹುಟ್ಟಬೇಕಾದರೆ ಆರು ಸಾವಿರ ಲೀಟರ್ ನೀರು ಬೀಳಬೇಕು. ಒಂದು ಕೊಡ ಬೆಂಗಳೂರಿಗೆ ಹತ್ತಬೇಕಾದರೆ ಆರು ಕೊಡ ಕೆಳಕ್ಕೆ ಇಳಿಯಬೇಕು ಅಂತ ಆಯಿತು. ನಮ್ಮ ಮಕ್ಕಳು, ತಂಗಿಯರು ಎಷ್ಟೋ ಜನ ಬೆಂಗಳೂರಿನಲ್ಲಿದ್ದಾರೆ. ಅವರಿಗೂ ಇದನ್ನು ಹೇಳಿ.

ಡೈರಿಯ ಹಾಲಿನ ಹಾಗೆ

ಹಾಗಾದರೆ ಇವತ್ತು ಮೈಸೂರಿನ ದೀಪವೆಲ್ಲ ಶಿವನಸಮುದ್ರದ್ದೇ? ಅಲ್ಲ. ಡೈರಿಗೆ ಹಾಲು ಹಾಕುವವರಿಗೆ ಇದನ್ನು ಹೇಳುವುದು ಸುಲಭ. ಹತ್ತು ಊರಿನ ಹಾಲು ಒಂದೇ ಟ್ಯಾಂಕಿಗೆ ಬೀಳುತ್ತದೆ. ಆಮೇಲೆ ಪ್ಯಾಕೆಟ್ಟಿನಲ್ಲಿ ಬಂದದ್ದು ಯಾರ ಮನೆಯ ಹಸುವಿನದು ಅಂತ ಹೇಳಲಾಗದು. ಕರೆಂಟೂ ಹಾಗೆ. ಎಲ್ಲ ಕಡೆಯದೂ ತಂತಿಯಲ್ಲಿ ಬೆರೆಯುತ್ತದೆ.

ಶಿವನಸಮುದ್ರದ ಕೇಂದ್ರದ ಶಕ್ತಿ 42 ಮೆಗಾವ್ಯಾಟ್. ಒಂದೇ ಸಲಕ್ಕೆ 42 ಸಾವಿರ ಇಸ್ತ್ರಿ ಪೆಟ್ಟಿಗೆ ಕಾಯಿಸುವಷ್ಟು. ಒಂದು ಕಾಲಕ್ಕೆ ಅಂಥದ್ದು ದೊಡ್ಡ ಸಂಗತಿ. ಈಗ ಅದು ಚಿಕ್ಕದು. 1940ರಲ್ಲಿ ಶುರುವಾದ ಹತ್ತಿರದ ಶಿಂಷಾ ಕೇಂದ್ರ ಇನ್ನೂ ಚಿಕ್ಕದು. ಪಡುವಣ ಕಡಲಿನ ಕಡೆಗೆ ಹರಿಯುವ ಶರಾವತಿಯನ್ನು ನೋಡಿ. ಕಾವೇರಿ ನಿಧಾನವಾಗಿ ನಡೆದು ಪೂರ್ವಕ್ಕೆ ಹೋದರೆ, ಶರಾವತಿ ಘಟ್ಟದಿಂದ ಧುಮುಕಿ ಹೊನ್ನಾವರದ ಹತ್ತಿರ ಕಡಲು ಸೇರುತ್ತದೆ. ದಾರಿ ಗಿಡ್ಡ, ಬೀಳುವ ಎತ್ತರ ಬಹಳ. ಆದ್ದರಿಂದ ಶರಾವತಿ ಕೇಂದ್ರದ ಶಕ್ತಿ 1035 ಮೆಗಾವ್ಯಾಟ್, ಶಿವನಸಮುದ್ರದ ಸುಮಾರು 25 ಪಟ್ಟು. ಅದಕ್ಕೆ ನೀರು ಕೊಡುವ ಲಿಂಗನಮಕ್ಕಿ ಕಟ್ಟೆ ಕನ್ನಂಬಾಡಿಯ ಮೂರರಷ್ಟು ನೀರು ಹಿಡಿಯುತ್ತದೆ. ಅಲ್ಲಿಯೂ ಊರುಗಳು ಮುಳುಗಿದವು. ಕಾರವಾರದ ಕಡೆಯ ಕೈಗಾದಲ್ಲಿ ಅಣು ವಿದ್ಯುತ್ ಇದೆ. ರಾಯಚೂರಿನಲ್ಲಿ ಕಲ್ಲಿದ್ದಲು ಸುಡುತ್ತಾರೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಬಿಸಿಲಿನಿಂದ ಕರೆಂಟು ತೆಗೆಯುತ್ತಾರೆ. ಬಿಸಿಲು ರಾತ್ರಿ ಇರುವುದಿಲ್ಲ. ಸಂಜೆ ಎಲ್ಲರೂ ಒಟ್ಟಿಗೆ ದೀಪ ಹಾಕಿದಾಗ ಕೊಳವೆಯ ಬಾಯಿ ತೆಗೆದರೆ ಕೂಡಲೇ ಕರೆಂಟು ಕೊಡುವುದು ನೀರು. ಅದಕ್ಕೇ ಕಟ್ಟೆಯ ನೀರಿಗೆ ಇವತ್ತಿಗೂ ಬೆಲೆ ಇದೆ.

ನೀವು ಮೈಸೂರಿನಲ್ಲಿದ್ದರೆ ಬಿಲ್ಲು ಕೊಡುವುದು ಚೆಸ್ಕಾಂನವರು. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಎಷ್ಟೋ ಮನೆಯ ಬಿಲ್ಲಿನಲ್ಲಿ ಹಣದ ಜಾಗದಲ್ಲಿ ಸೊನ್ನೆ ಇದೆ. ಆದರೆ ಖರ್ಚಾದ ಯೂನಿಟ್ ಬರೆದೇ ಇರುತ್ತದೆ. ಆ ಅಂಕಿಯನ್ನು ಓದಿ. ನಮ್ಮ ಮನೆಗೆ ಎಷ್ಟು ಕೆಲಸದ ಕರೆಂಟು ಬಂತು ಅಂತ ತಿಳಿಯುತ್ತದೆ.

ಪೇಪರಿನ ಚೌಕ ಓದುವುದು

ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಒಂದು ಪುಟ್ಟ ಚೌಕ ಬರುತ್ತದೆ. ಕೆಆರ್‌ಎಸ್ ನೀರಿನ ಮಟ್ಟ ಅಂತ ಮೇಲೆ ಬರೆದಿರುತ್ತದೆ. ಗಂಡಸರು ಟೀ ಅಂಗಡಿಯಲ್ಲಿ ಅದನ್ನು ಓದಿ ಮಾತಾಡುತ್ತಾರೆ. ಈಗ ನಮಗೂ ಅಂಕಿ ಓದಲು ಬರುತ್ತದೆ. ಒಳಗಿನ ಮಾತು ತಿಳಿದುಕೊಂಡರಾಯಿತು.

ಗರಿಷ್ಠ ಮಟ್ಟ 124.80 ಅಡಿ ಅಂದರೆ ಕಟ್ಟೆ ತುಂಬಿದಾಗಿನ ಲೆಕ್ಕ. ಪಕ್ಕದಲ್ಲಿ ಇಂದಿನ ಮಟ್ಟ ಇರುತ್ತದೆ. ಒಳಹರಿವು ಅಂದರೆ ಬರುತ್ತಿರುವ ನೀರು. ಹೊರಹರಿವು ಅಂದರೆ ಬಿಡುತ್ತಿರುವ ನೀರು. ಇವೆರಡನ್ನೂ ಕ್ಯೂಸೆಕ್ಕಿನಲ್ಲಿ ಹೇಳುತ್ತಾರೆ. ಒಂದು ಕ್ಯೂಸೆಕ್ ಅಂದರೆ ಒಂದು ಸೆಕೆಂಡಿಗೆ ಸುಮಾರು 28 ಲೀಟರ್. ಕಣ್ಣು ಮಿಟುಕಿಸಿ ತೆಗೆಯುವಷ್ಟರಲ್ಲಿ ಎರಡು ಕೊಡ. ಒಟ್ಟು ನೀರನ್ನು ಟಿಎಂಸಿಯಲ್ಲಿ ಹೇಳುತ್ತಾರೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2831 ಕೋಟಿ ಲೀಟರ್. ಕನ್ನಂಬಾಡಿ ತುಂಬಿದರೆ 49 ಟಿಎಂಸಿಗೂ ಸ್ವಲ್ಪ ಹೆಚ್ಚು.

ಇಲ್ಲಿ ಒಂದು ಕಡೆ ಮೋಸ ಹೋಗಬಾರದು. "ನೂರು ಅಡಿ ನೀರಿದೆಯಂತೆ, ಇಪ್ಪತ್ತೈದೇ ಅಡಿ ಕಮ್ಮಿ" ಅಂತ ಸಮಾಧಾನ ಪಟ್ಟುಕೊಳ್ಳುತ್ತಾರೆ. ಕಟ್ಟೆಯ ಒಳಗು ಡ್ರಮ್ಮಿನ ಹಾಗೆ ನೆಟ್ಟಗಿಲ್ಲ, ಬಾಣಲೆಯ ಹಾಗಿದೆ. ಮೇಲೆ ಅಗಲ, ತಳಕ್ಕೆ ಹೋದಂತೆ ಕಿರಿದು. ಬಾಣಲೆಯಲ್ಲಿ ಎಣ್ಣೆ ಒಂದು ಬೆರಳು ಇಳಿದರೆ ಎಷ್ಟು ಖರ್ಚಾಯಿತು ಅಂತ ನಮಗೆ ಗೊತ್ತು. ಮಟ್ಟ 100 ಅಡಿಗೆ ಇಳಿದರೆ ಉಳಿದಿರುವ ನೀರು ಅರ್ಧಕ್ಕಿಂತ ಕಡಿಮೆ.

2023ರಲ್ಲಿ ಮಳೆ ಕೈಕೊಟ್ಟಿತು. ಕಟ್ಟೆ ತುಂಬಲಿಲ್ಲ. ಮಂಡ್ಯದ ರೈತರಿಗೆ ನೀರು ಬೇಕಿತ್ತು. ತಮಿಳುನಾಡಿನ ರೈತರಿಗೂ ಬೇಕಿತ್ತು. ಮೈಸೂರು, ಬೆಂಗಳೂರಿನ ನಲ್ಲಿಗಳಿಗೆ ಬೇಕಿತ್ತು. ಯಾರಿಗೆ ಎಷ್ಟು ಅನ್ನುವ ಜಗಳಕ್ಕೆ ನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿದೆ. 1924ರಲ್ಲಿ ಒಪ್ಪಂದ ಆಗಿತ್ತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟು ಕರ್ನಾಟಕಕ್ಕೆ ವರ್ಷಕ್ಕೆ 284.75 ಟಿಎಂಸಿ ಅಂತ ಹೇಳಿತು. ನೀರು ಕಡಿಮೆ ಇದ್ದಾಗ ಕುಡಿಯುವ ನೀರು ಮೊದಲು. ಕರೆಂಟು ಕೊನೆಗೆ. ಬೇರೆಯವರಿಗಾಗಿ ಬಿಟ್ಟ ನೀರು ದಾರಿಯಲ್ಲಿ ಶಿವನಸಮುದ್ರದ ಚಕ್ರವನ್ನು ತಿರುಗಿಸಿ ಮುಂದೆ ಹೋಗುತ್ತದೆ. ಹೋಗುವ ನೀರು ಚಕ್ರ ತಿರುಗಿಸಿದ್ದರಿಂದ ಕಡಿಮೆಯಾಗುವುದಿಲ್ಲ. ಅಷ್ಟೇ ನೀರು ತಮಿಳುನಾಡಿನ ಮೆಟ್ಟೂರು ಕಟ್ಟೆಗೆ ಹೋಗಿ ಸೇರುತ್ತದೆ. ಮರುವರ್ಷ, 2024ರ ಜುಲೈನಲ್ಲಿ ಕಟ್ಟೆ ತುಂಬಿತು. ಗೌರಿ ಹಬ್ಬದಲ್ಲಿ ನಾವು ಮೊರದ ಬಾಗಿನ ಕೊಡುವ ಹಾಗೆ ತುಂಬಿದ ಕಾವೇರಿಗೂ ಬಾಗಿನ ಬಿಟ್ಟರು.

ಚೌಕದಲ್ಲಿ ಹೊರಹರಿವಿನ ಅಂಕಿಯನ್ನು ನದಿ ದಡದ ಹೆಂಗಸರು ತಪ್ಪದೆ ನೋಡಬೇಕು. ಕಟ್ಟೆ ತುಂಬುವ ದಿನಗಳಲ್ಲಿ ಬೆಳಗ್ಗೆ ಕೆಲವು ಸಾವಿರ ಇದ್ದದ್ದು ಸಂಜೆಗೆ ಅರವತ್ತು, ಎಪ್ಪತ್ತು ಸಾವಿರ ಕ್ಯೂಸೆಕ್ ಆಗಿಬಿಡಬಹುದು. ಮೇಲೆ ಮೋಡ ಇಲ್ಲ, ಬಿಸಿಲು ಚೆನ್ನಾಗಿದೆ ಅಂತ ಶ್ರೀರಂಗಪಟ್ಟಣದ ಕಡೆ ಬಟ್ಟೆ ಒಗೆಯಲು ಬಂಡೆಯ ಮೇಲೆ ಕುಳಿತಿರುತ್ತೀರಿ. ಮಳೆ ಬಿದ್ದಿರುವುದು ಕೊಡಗಿನಲ್ಲಿ. ಗೇಟು ತೆಗೆದಿರುವುದು ಕನ್ನಂಬಾಡಿಯಲ್ಲಿ. ನೀರು ನಿಮ್ಮ ಕಾಲಿನ ಹತ್ತಿರ ಬರುವಾಗ ಗಡಬಡ ಸದ್ದು ಮಾಡುವುದಿಲ್ಲ. ಮೊದಲು ನೀರಿನ ಬಣ್ಣ ಕೆಂಪಾಗುತ್ತದೆ. ಕಸ ಕಡ್ಡಿ ತೇಲಿ ಬರುತ್ತದೆ. ಆಮೇಲೆ ನಡುವಿನ ಸಣ್ಣ ಬಂಡೆಗಳು ಒಂದೊಂದಾಗಿ ಕಾಣದಾಗುತ್ತವೆ. ಅಷ್ಟು ಕಂಡರೆ ಬಟ್ಟೆ ಬಿಟ್ಟಾದರೂ ಸರಿ, ಮಕ್ಕಳ ಕೈ ಹಿಡಿದು ದಡ ಹತ್ತಿಬಿಡಿ.